ಬಫ್ ವೀಲಿನ ತೂತು ಒಂದು ಸೈಜು, ಮಷೀನಿನ ಶಾಫ್ಟ್ ಇನ್ನೊಂದು: ಏನು ಮಾಡಲಿ?

ಭೋಸರಿ ಬಸು

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಪುಣೆಗೆ ಬಂದು ಹನ್ನೆರಡು ವರ್ಷ ಆಯಿತು. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಗುರುವಾರ ರಜೆ ಸಿಕ್ಕಾಗ ಮನೆ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ ಪಾಲಿಶ್ ಕೆಲಸ ಮಾಡುತ್ತೇನೆ. ನಮ್ಮ ಕಡೆಯವರ ಮನೆಗಳ ಹಿತ್ತಾಳೆ ಸಮೆ, ಗಂಟೆ, ತಂಬಿಗೆ, ನಡುನಡುವೆ ಯಾರದಾದರೂ ಬುಲೆಟ್ಟಿನ ಅಲ್ಯೂಮಿನಿಯಂ ಇಂಜಿನ್ ಕವರ್. ಇಷ್ಟು ದಿನ ಕೈ ಡ್ರಿಲ್ಲಿಗೆ ಚಿಕ್ಕ ಬಫ್ (ಪಾಲಿಶ್ ಮಾಡುವ ಬಟ್ಟೆಯ ಚಕ್ರ) ಸಿಕ್ಕಿಸಿ ಹೇಗೋ ನಡೆಸಿದೆ.

ಹೋದ ತಿಂಗಳು ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಪಾಲಿಶ್ ಮಷೀನು ಸಿಕ್ಕಿತು. ಎರಡೂ ಕಡೆ ಶಾಫ್ಟ್ ಇದೆ, 1 ಎಚ್‌ಪಿ, ಸಿಂಗಲ್ ಫೇಸ್, ಪ್ಲೇಟಿನ ಮೇಲೆ 2800 ಆರ್‌ಪಿಎಂ ಅಂತಿದೆ. ವರ್ನಿಯರ್ ಹಿಡಿದು ನೋಡಿದೆ, ಶಾಫ್ಟ್ 16 ಮಿ.ಮೀ. ಖುಷಿಯಲ್ಲಿ ಮುಂಬೈಗೆ ಹೋದಾಗ ನಾಗದೇವಿ ಸ್ಟ್ರೀಟಿನಲ್ಲಿ ವೀಲು ತಗೊಂಡೆ. ಅಂಗಡಿಯವರು ‘ಕಿತನಾ ಸೂತ್’ ಅಂತ ಕೇಳಿದರು, ನಾನು ‘ಆಠ್ ಇಂಚ್’ ಅಂದೆ. ಅವರು ಕೇಳಿದ್ದು ತೂತಿನ ಅಳತೆ, ನಾನು ಹೇಳಿದ್ದು ವೀಲಿನದು. ಅವರು ಒಂದು ಸಲ ನನ್ನ ಮುಖ ನೋಡಿ ಸುಮ್ನೆ ಕಟ್ಟಿಕೊಟ್ಟರು.

ಮನೆಗೆ ಬಂದು ನೋಡಿದರೆ 8 ಇಂಚಿನ ಹೊಲಿಗೆ ಹಾಕಿದ ಕಾಟನ್ ವೀಲು ಆರು, ಎಲ್ಲಕ್ಕೂ ತೂತು ಅರ್ಧ ಇಂಚು. ಕಡಿಮೆ ರೇಟಿಗೆ ಕೊಟ್ಟ 6 ಇಂಚಿನ ಫೆಲ್ಟ್ (ಒತ್ತಿದ ಉಣ್ಣೆಯ) ವೀಲು ಎರಡು, ಅವಕ್ಕೆ ತೂತು ಒಂದು ಇಂಚು. ಒಂದು ಹೋಗುವುದಿಲ್ಲ, ಇನ್ನೊಂದು ನಿಲ್ಲುವುದಿಲ್ಲ.

ಮಾಡಿದ ಎರಡು ಪ್ರಯೋಗವನ್ನೂ ಹೇಳಿಬಿಡುತ್ತೇನೆ, ಬೈಯಬೇಡಿ. ಕಾಟನ್ ವೀಲಿಗೆ ಕೈ ಡ್ರಿಲ್ಲಿನಲ್ಲಿ 16ರ ಬಿಟ್ ಹಾಕಿದೆ. ದಾರ ಬಿಟ್ಟಿಗೆ ಸುತ್ತಿಕೊಂಡು ವೀಲು ಬುಗುರಿ ಹಾಗೆ ತಿರುಗಿ ಮಣಿಕಟ್ಟು ಉಳುಕಿತು. ಫೆಲ್ಟಿಗೆ ಶಾಫ್ಟಿನ ಮೇಲೆ ಇನ್ಸುಲೇಷನ್ ಟೇಪ್ ದಪ್ಪಗೆ ಸುತ್ತಿ ವೀಲು ತೂರಿಸಿ ಸ್ವಿಚ್ ಹಾಕಿದೆ. ಟೇಬಲ್ಲೇ ನಡೆದುಕೊಂಡು ಗೋಡೆವರೆಗೆ ಹೋಯಿತು.

ಗಣಪತಿ ಹಬ್ಬಕ್ಕೆ ಹದಿನಾಲ್ಕು ಸಮೆ ಒಪ್ಪಿಕೊಂಡಿದ್ದೇನೆ. ವೀಲು ವಾಪಸ್ ಕೊಡಲು ಮುಂಬೈಗೆ ಹೋಗಿಬರುವ ಖರ್ಚು ವೀಲಿಗಿಂತ ಜಾಸ್ತಿ. ಇವನ್ನೇ ಹೇಗಾದರೂ ಕೂರಿಸಲು ಆಗುತ್ತಾ?

ಘಾಟ್ಕೋಪರ್ ಮಾರಾಯ

ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಮಾರಾಯ್ರೆ. 16 ಮಿ.ಮೀ. ಕಬ್ಬಿಣದ ರಾಡು ತಗೊಳ್ಳಿ, ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ತೂತಿನೊಳಗೆ ನೆಟ್ಟಗೆ ಇಳಿಸಿ. ಐದು ನಿಮಿಷದ ಕೆಲಸ. ಬಟ್ಟೆಯ ಅಂಚು ಸುಟ್ಟು ಗಟ್ಟಿಯಾಗುತ್ತದೆ, ದಾರವೂ ಬಿಚ್ಚುವುದಿಲ್ಲ. ನಾವು ಸ್ಟೀಲ್ ಪಾತ್ರೆಯ ಖಾರಖಾನೆಯಲ್ಲಿದ್ದಾಗ ಎಲ್ಲ ವೀಲಿಗೂ ಹೀಗೇ ಮಾಡುತ್ತಿದ್ದೆವು. ಹೊಗೆ ಬರುತ್ತದೆ, ಹೊರಗೆ ಮಾಡಿ. ಫೆಲ್ಟಿನ ಬಗ್ಗೆ ನನಗೆ ಗೊತ್ತಿಲ್ಲ, ಬೇರೆಯವರು ಹೇಳಲಿ.

ಡೊಂಬಿವಲಿ ಟರ್ನರ್

ಬಸು ಅವರೇ, ಮೊದಲು ಆ ಟೇಪ್ ಬಿಚ್ಚಿ ಬಿಸಾಕಿ. ನಗಲು ಹೇಳುತ್ತಿಲ್ಲ, ಲೆಕ್ಕ ನೋಡಿ. ಫೆಲ್ಟ್ ವೀಲು 400 ಗ್ರಾಂ ಇದೆ ಅಂದುಕೊಳ್ಳಿ. ಅದು ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಕೂತರೂ 2800ರಲ್ಲಿ ಶಾಫ್ಟಿನ ಮೇಲೆ ಸುಮಾರು ಮೂರೂವರೆ ಕೆಜಿಯ ಎಳೆತ ಬೀಳುತ್ತದೆ. ಆ ಎಳೆತ ಒಂದೇ ಕಡೆ ಇರುವುದಿಲ್ಲ, ಸೆಕೆಂಡಿಗೆ ಸುಮಾರು 47 ಸಲ ಸುತ್ತುತ್ತದೆ. ನಿಮ್ಮ ಟೇಬಲ್ ನಡೆದದ್ದು ಅದಕ್ಕೇ. ಮೆತ್ತಗಿನ ಟೇಪ್ ಬಿಸಿಯಾದಂತೆ ಜರುಗುತ್ತದೆ, ಒಂದು ಮಿ.ಮೀ. ಎರಡಾಗುತ್ತದೆ, ಎಳೆತವೂ ಎರಡರಷ್ಟು.

ಇಲ್ಲಿ ತುಂಬಾ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. ತೂತು ಟೈಟಾಗಿದ್ದರೆ ವೀಲು ಗಟ್ಟಿಯಾಗಿ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ತೂತಿನ ಕೆಲಸ ವೀಲನ್ನು ನಡುವಿಗೆ ತರುವುದು, ಅಷ್ಟೇ. ಹಿಡಿದು ತಿರುಗಿಸುವುದು ಎರಡು ಬದಿಯ ಫ್ಲಾಂಜ್, ಅಂದರೆ ವೀಲನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಲೋಹದ ಬಿಲ್ಲೆ. ನಿಮ್ಮ ಮಷೀನಿನ ಜೊತೆ ಫ್ಲಾಂಜ್ ಬಂದಿದೆಯಾ, ಅಥವಾ ಸಾದಾ ವಾಷರ್ ಹಾಕಿದ್ದೀರಾ? ಅದನ್ನು ನೀವು ಬರೆದೇ ಇಲ್ಲ. 8 ಇಂಚಿನ ವೀಲಿಗೆ ನಾನಾದರೆ 3 ಇಂಚಿಗಿಂತ ಚಿಕ್ಕ ಫ್ಲಾಂಜ್ ಹಾಕುವುದಿಲ್ಲ. ಒಳಗಿನ ಒಂದೆರಡು ಹೊಲಿಗೆ ಸುತ್ತು ಅದರ ಅಡಿಗೆ ಬರಬೇಕು.

ಫೆಲ್ಟಿಗೆ ಬುಷ್ ಮಾಡಿಸಿ, ಅಂದರೆ ಶಾಫ್ಟಿಗೂ ತೂತಿಗೂ ನಡುವೆ ಕೂರುವ ಕೊಳವೆ. ಭೋಸರಿಯಲ್ಲಿ ಕೂತು ಲೇಥ್ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ, ಗಲ್ಲಿಗೊಂದು ಇದೆ. ಒಳಗೆ ಶಾಫ್ಟಿಗೆ ಕೈಯಲ್ಲಿ ಜಾರುವಷ್ಟು, ಅಲುಗಾಡದಷ್ಟು. ಹೊರಗೆ 25.4 ಅಂತ ಬಾಯಿಲೆಕ್ಕ ಹೇಳಬೇಡಿ. ವೀಲನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ತೂತು ಅಳೆದು ಮಾಡಿಸಿ, ಯಾಕೆಂದರೆ ಫೆಲ್ಟಿನ ತೂತು ಒಂದರಂತೆ ಒಂದು ಇರುವುದಿಲ್ಲ. ನೈಲಾನ್ ಆದರೂ ನಡೆಯುತ್ತದೆ, ಎಂಎಸ್ (ಸಾದಾ ಮೈಲ್ಡ್ ಸ್ಟೀಲ್) ಆದರೂ ನಡೆಯುತ್ತದೆ. ಒಳತೂತು ಹೊರಮೈ ಎರಡನ್ನೂ ಒಂದೇ ಸಲ ಲೇಥಿನ ಚಕ್ಕಿನಲ್ಲಿ ಹಿಡಿದಾಗಲೇ ತೆಗೆಯಬೇಕು. ತಿರುಗಿಸಿ ಹಿಡಿದರೆ ನಡು ತಪ್ಪುತ್ತದೆ, ಟೇಪಿನ ಕಥೆಯೇ ಮತ್ತೆ.

ಇನ್ನೊಂದು. ಬುಷ್ಷಿನ ಉದ್ದ ವೀಲಿನ ದಪ್ಪಕ್ಕಿಂತ 1 ಮಿ.ಮೀ. ಕಡಿಮೆ ಇರಲಿ. ಸಮ ಇದ್ದರೆ ಅಥವಾ ಉದ್ದ ಇದ್ದರೆ ನಟ್ ಬಿಗಿ ಮಾಡಿದಾಗ ಫ್ಲಾಂಜ್ ಬುಷ್ಷನ್ನು ಹಿಡಿಯುತ್ತದೆ, ವೀಲು ಸಡಿಲ ಉಳಿಯುತ್ತದೆ. ಕೈಯಲ್ಲಿ ಅಲುಗಾಡಿಸಿದಾಗ ಗೊತ್ತಾಗುವುದಿಲ್ಲ, ಸಮೆ ಒತ್ತಿದಾಗ ಗೊತ್ತಾಗುತ್ತದೆ. ನಾನು ಕಲಿಯುವಾಗ ಇದೇ ತಪ್ಪು ಮಾಡಿ ನಾಲ್ಕು ಬುಷ್ ಹಾಳು ಮಾಡಿದ್ದೆ.

ಕಾಟನ್ ವೀಲಿಗೆ ಬರೋಣ. 12.7ರಿಂದ 16 ಅಂದರೆ ಸುತ್ತಲೂ ಒಂದೂವರೆ ಮಿ.ಮೀ. ಚಿಲ್ಲರೆ ಮಾತ್ರ ತೆಗೆಯಬೇಕು. ಬಿಟ್ಟಿಗೆ ದಾರ ಸುತ್ತಿಕೊಳ್ಳುವುದು ಬಟ್ಟೆ ಸಡಿಲ ಇದ್ದಾಗ. 6 ಮಿ.ಮೀ. ಎಂಎಸ್ ಪಟ್ಟಿಯ ಎರಡು ತುಂಡು ತಗೊಂಡು ಎರಡಕ್ಕೂ ಮೊದಲು ಅರ್ಧ ಇಂಚಿನ ತೂತು ಹಾಕಿ. ನಡುವೆ ವೀಲಿಟ್ಟು ಅರ್ಧ ಇಂಚಿನ ಬೋಲ್ಟ್ ತೂರಿಸಿ. ಈಗ ಮೂರೂ ಒಂದೇ ನಡುವಿಗೆ ಬಂದವು. ಅಂಚಿನಲ್ಲಿ ನಾಲ್ಕು ಸಿ ಕ್ಲಾಂಪ್ ಹಾಕಿ ಜಬರದಸ್ತ್ ಬಿಗಿ ಮಾಡಿ, ಬಟ್ಟೆ ಹಲಗೆ ಹಾಗೆ ಆಗಬೇಕು. ಆಮೇಲೆ ಬೋಲ್ಟ್ ತೆಗೆದು ಡ್ರಿಲ್ ಪ್ರೆಸ್ಸಿನಲ್ಲಿ ನಿಧಾನ ಸ್ಪೀಡಿನಲ್ಲಿ 16ರ ಬಿಟ್ ಇಳಿಸಿ. ಕೈ ಡ್ರಿಲ್ ಬೇಡವೇ ಬೇಡ. ಆರಕ್ಕೆ ಆರೂ ಒಂದೇ ಸಲ ಪೇರಿಸುವ ಆಸೆ ಬೇಡ, ಎರಡೆರಡು ಮಾಡಿ.

ಮುಂದಿನ ಸಲ ಅಂಗಡಿಯಲ್ಲಿ ಐದು ಸೂತ್ ಅಂತ ಕೇಳಿ. ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಪಾಲು. ಐದು ಸೂತ್ ಅಂದರೆ 15.88, ಬಟ್ಟೆಯ ವೀಲಾದರೆ ನಿಮ್ಮ ಶಾಫ್ಟಿಗೆ ಒತ್ತಿದರೆ ಕೂರುತ್ತದೆ.

ಕುರ್ಲಾ ಕಾರ್ಖಾನೆ

ಟರ್ನರ್ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ವೀಲಿಗೆ ಯಾಕೆ ಕೈ ಹಚ್ಚಬೇಕು? ಶಾಫ್ಟಿಗೆ ಟೇಪರ್ ಸ್ಪಿಂಡಲ್ ಸಿಕ್ಕಿಸಿದರೆ ಮುಗಿಯಿತಲ್ವಾ? ಕ್ಯಾರೆಟ್ ಹಾಗೆ ಚೂಪಾಗಿರುತ್ತದೆ, ಮೈಮೇಲೆ ಸುರುಳಿ ಥ್ರೆಡ್ ಇರುತ್ತದೆ. ಶಾಫ್ಟಿನ ಮೇಲೆ ಕೂರಿಸಿ ಗ್ರಬ್ ಸ್ಕ್ರೂ ಬಿಗಿ ಮಾಡುವುದು, ವೀಲನ್ನು ಚೂಪು ತುದಿಗೆ ಒತ್ತಿದರೆ ತಾನೇ ತಿರುಗಿ ಹತ್ತಿಕೊಳ್ಳುತ್ತದೆ. ನಟ್ಟೂ ಬೇಡ, ಪಾನವೂ (ಸ್ಪ್ಯಾನರ್) ಬೇಡ. ಚಿನ್ನ ಬೆಳ್ಳಿ ಪಾಲಿಶಿನವರು ಇದನ್ನೇ ಇಟ್ಟುಕೊಳ್ಳುತ್ತಾರೆ, ಕಂದು ಸೋಪಿನ ವೀಲು ತೆಗೆದು ಕೆಂಪು ಸೋಪಿನ ವೀಲು ಹಾಕಲು ಹತ್ತು ಸೆಕೆಂಡು.

ಡೊಂಬಿವಲಿ ಟರ್ನರ್

ಚಿಕ್ಕ ಮೆತ್ತಗಿನ ವೀಲಿಗೆ ಒಳ್ಳೆಯದು, ಒಪ್ಪಿದೆ. 8 ಇಂಚಿನ ವೀಲಿಗೂ ಫೆಲ್ಟಿಗೂ ನಾನು ಹಾಕುವುದಿಲ್ಲ. ಅಲ್ಲಿ ಹಿಡಿಯಲು ಫ್ಲಾಂಜೇ ಇಲ್ಲ, ತೂತಿನ ಬಟ್ಟೆಯೇ ಎಲ್ಲ ಭಾರ ಹೊರಬೇಕು. ಶಾಫ್ಟೂ ಅಷ್ಟು ಉದ್ದ ಹೊರಗೆ ಚಾಚುತ್ತದೆ, ಸ್ವಲ್ಪ ಸೊಟ್ಟ ಇದ್ದರೂ ತುದಿಯಲ್ಲಿ ಎದ್ದು ಕಾಣುತ್ತದೆ. ಮತ್ತೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಬರುತ್ತದೆ. ಬಲದ್ದನ್ನು ಎಡಕ್ಕೆ ಹಾಕಿದರೆ ವೀಲು ತಾನೇ ಬಿಚ್ಚಿಕೊಂಡು ಹಾರುತ್ತದೆ.

ಭೋಸರಿ ಬಸು

ತುಂಬಾ ಥ್ಯಾಂಕ್ಸ್. ಫ್ಲಾಂಜ್ ಬಲಗಡೆ ಮಾತ್ರ ಇದೆ. ಎಡಗಡೆ ಹಳೇ ಮಾಲೀಕರು ಸಾಣೆಕಲ್ಲು ಕೂರಿಸಿದ್ದಾರೆ, ಅದು ಇರಲಿ ಅಂತ ಬಿಟ್ಟಿದ್ದೇನೆ, ಬ್ಲೇಡು ಉಳಿ ಸಾಣೆ ಹಿಡಿಯಲು ಆಗುತ್ತದೆ. ಬಲಗಡೆ ಒಂದರಲ್ಲೇ ಹಿತ್ತಾಳೆ, ಅಲ್ಯೂಮಿನಿಯಂ ಎರಡೂ ಮಾಡುವ ಯೋಚನೆ. ಒಂದು ಡೌಟು: ಈ ಮಷೀನಿಗೆ 10 ಇಂಚಿನ ವೀಲು ಹಾಕಬಹುದಾ? ದೊಡ್ಡದಾದರೆ ಕೆಲಸ ಬೇಗ ಆಗುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು.

ಮಡಗಾಂವ್ ಮಾವ

ಬಸು, ಆ ಕಲ್ಲನ್ನು ಇವತ್ತೇ ಬಿಚ್ಚಿ. ಉಳಿದದ್ದು ಆಮೇಲೆ.

ಅಲ್ಯೂಮಿನಿಯಂ ಬಫ್ ಮಾಡಿದಾಗ ಬರುವ ಕಪ್ಪು ಪುಡಿ ಇದೆಯಲ್ಲ, ಅದು ಅಲ್ಯೂಮಿನಿಯಂ ಮತ್ತು ಬಟ್ಟೆಯ ಜೂಲು ಮತ್ತು ಪಾಲಿಶ್ ಸೋಪಿನ ಜಿಡ್ಡು. ಮೂರೂ ಉರಿಯುವ ವಸ್ತು. ಸಣ್ಣ ಪುಡಿ ಗಾಳಿಯಲ್ಲಿ ತೇಲುತ್ತಿದ್ದರೆ ಒಂದು ಕಿಡಿಗೆ ಭಗ್ ಅಂತ ಹೊತ್ತುತ್ತದೆ. ಅದೇ ಮಷೀನಿನ ಇನ್ನೊಂದು ತುದಿಯಲ್ಲಿ ನೀವು ಕಬ್ಬಿಣ ಸಾಣೆ ಹಿಡಿದು ಕಿಡಿ ಹಾರಿಸುತ್ತೀರಿ. ಹೊತ್ತಿಕೊಂಡ ಅಲ್ಯೂಮಿನಿಯಂ ಪುಡಿಗೆ ನೀರು ಹಾಕುವ ಹಾಗೂ ಇಲ್ಲ, ಒಣ ಮರಳು ಸುರಿಯಬೇಕು. ಶೆಡ್ಡಿನ ಮೂಲೆಯಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳಿ. ಪುಡಿಯನ್ನು ದಿನಾ ಗುಡಿಸಿ ತೆಗೆಯಿರಿ, ಗಾಳಿ ಹೊಡೆದು ಎಬ್ಬಿಸಬೇಡಿ.

10 ಇಂಚು ಬೇಡ. 2800ರಲ್ಲಿ 8 ಇಂಚಿನ ವೀಲಿನ ಅಂಚು ನಿಮಿಷಕ್ಕೆ ಸುಮಾರು 1800 ಮೀಟರ್ ಓಡುತ್ತದೆ, ಹಿತ್ತಾಳೆಗೆ ಸಾಕು. 10 ಇಂಚಾದರೆ 2200 ಆಗುತ್ತದೆ. ದೊಡ್ಡ ಮೂರು ಫೇಸ್ ಮಷೀನಿನಲ್ಲಿ ಓಡಿಸುತ್ತಾರೆ, ಆದರೆ ನಿಮ್ಮ 1 ಎಚ್‌ಪಿ ಒತ್ತಿದ ಕೂಡಲೇ ಸುಸ್ತಾಗುತ್ತದೆ. ವೀಲಿನ ಮೇಲೆ ಎಷ್ಟು ಆರ್‌ಪಿಎಂವರೆಗೆ ಅಂತ ಅಚ್ಚು ಹಾಕಿದ್ದರೆ ಅದನ್ನು ದಾಟಲೇಬೇಡಿ.

ನನ್ನ ಎಡಗೈ ಹೆಬ್ಬೆರಳಿನ ಕಥೆ ಹೇಳುತ್ತೇನೆ. ವೆರ್ಣಾದಲ್ಲಿ ಒಂದು ಚಿಕ್ಕ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತಿದ್ದೆ. ಹಿತ್ತಾಳೆ ಆರತಿ ತಟ್ಟೆ, ತೆಳು ಅಂಚು. ವೀಲಿನ ನಡುಮಟ್ಟಕ್ಕಿಂತ ಮೇಲೆ ಹಿಡಿದುಬಿಟ್ಟೆ, ಮೇಲಿನ ಅಂಚು ವೀಲಿಗೆ ಎದುರಾಗಿತ್ತು. ವೀಲು ತಟ್ಟೆಯನ್ನು ಕಿತ್ತುಕೊಂಡಿತು, ಕೈಗೆ ಗ್ಲೌಸ್ ಇತ್ತು, ಗ್ಲೌಸಿನ ಜೊತೆ ಬೆರಳೂ ಒಳಗೆ ಹೋಯಿತು. ಏಳು ಹೊಲಿಗೆ. ಅಂದಿನಿಂದ ಬಟ್ಟೆ ಗ್ಲೌಸ್ ಹಾಕಿಲ್ಲ. ಯಾವಾಗಲೂ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ, ವೀಲು ಅಂಚಿನ ಕಡೆಗೆ ಉಜ್ಜಿಕೊಂಡು ಹೊರಗೆ ಹೋಗಬೇಕು, ಅಂಚಿನ ಎದುರಿಗೆ ಬರಬಾರದು. ಸಮೆಯ ಸರಪಳಿಯನ್ನಂತೂ ಮಷೀನಿಗೆ ತೋರಿಸಲೇಬೇಡಿ, ಹುಣಸೆಹಣ್ಣು ಹಾಕಿ ಕೈಯಲ್ಲೇ ತಿಕ್ಕಿ.

ಕೋಥ್ರೂಡ್ ಶಾಂತಕ್ಕ

ಮಷೀನಿನ ವಿಷಯ ನನಗೆ ತಿಳಿಯುವುದಿಲ್ಲ, ಪಾತ್ರೆಯ ವಿಷಯ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ, ಅಂದರೆ ತಾಮ್ರ ಬಡಿಯುವವರ ಓಣಿಯಲ್ಲಿ, ಅತ್ತೆಯವರು ತಗೊಂಡ ತಾಮ್ರದ ಹಂಡೆ ಇತ್ತು. ಮೈತುಂಬಾ ಸುತ್ತಿಗೆಯ ಏಟಿನ ಗುರುತು, ಬೆಳಕು ಬಿದ್ದರೆ ಮೀನಿನ ಪೊರೆ ಹಾಗೆ ಕಾಣುತ್ತಿತ್ತು. ಒಬ್ಬರಿಗೆ ಪಾಲಿಶಿಗೆ ಕೊಟ್ಟೆವು. ವಾಪಸ್ ಬಂದಾಗ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಗುರುತು ಅರ್ಧ ಸವೆದಿತ್ತು. ಅತ್ತೆ ಮೂರು ದಿನ ಮಾತಾಡಲಿಲ್ಲ. ಬಸಣ್ಣ, ಗಟ್ಟಿ ವೀಲು ಹಾಕುವ ಮೊದಲು ಕೊಟ್ಟವರನ್ನು ಒಂದು ಮಾತು ಕೇಳಿ.

ಡೊಂಬಿವಲಿ ಟರ್ನರ್

ಶಾಂತಕ್ಕ ಹೇಳಿದ್ದು ಸರಿ. ಬಡಿದ ಪಾತ್ರೆಗೆ ಫೆಲ್ಟ್ ಹಾಕಿದರೆ ಉಬ್ಬಿದ ಜಾಗ ಮಾತ್ರ ತಿನ್ನುತ್ತದೆ. ಹೊಲಿಗೆ ಇಲ್ಲದ ಸಡಿಲ ಬಟ್ಟೆಯ ವೀಲಾದರೆ ತಗ್ಗಿನೊಳಗೂ ಹೋಗುತ್ತದೆ. ಆರರಲ್ಲಿ ಒಂದು ವೀಲಿನ ಹೊರಗಿನ ಎರಡು ಸುತ್ತು ಹೊಲಿಗೆ ಬ್ಲೇಡಿನಲ್ಲಿ ಬಿಚ್ಚಿಬಿಡಿ, ಒಳಗಿನದು ಇರಲಿ. ಮೆತ್ತಗಾಗುತ್ತದೆ. ಇದೂ ಒಂದು ಮಾಡಿಫಿಕೇಶನ್ನೇ, ಖರ್ಚಿಲ್ಲದ್ದು.

ಭೋಸರಿ ಬಸು

ಎರಡು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಕಲ್ಲು ಬಿಚ್ಚಿದೆ ಮಾವ. ಮರಳೂ ಇಟ್ಟಿದ್ದೇನೆ, ಪಕ್ಕದ ಮನೆ ಬೆಕ್ಕಿಗೆ ಅದು ತುಂಬಾ ಇಷ್ಟವಾಗಿದೆ, ಈಗ ಮುಚ್ಚಳ ಹಾಕಿದ್ದೇನೆ. ಬುಷ್ ಎರಡು ನೈಲಾನಿನಲ್ಲಿ ಮಾಡಿಸಿದೆ. ಲೇಥಿನವರು ಮೊದಲು ವೀಲಿನ ದಪ್ಪಕ್ಕೆ ಸಮ ಮಾಡಿಕೊಟ್ಟರು, ಟರ್ನರ್ ಸರ್ ಹೇಳಿದ್ದು ನೆನಪಾಗಿ ಮತ್ತೆ 1 ಮಿ.ಮೀ. ತೆಗೆಸಿದೆ. ಒಂದು ರೂಪಾಯಿ ನಾಣ್ಯ ಮಷೀನಿನ ಮೇಲೆ ನಿಲ್ಲಿಸಿ ಓಡಿಸಿದೆ. ನಾಣ್ಯ ಬಿತ್ತು, ಆದರೆ ಟೇಬಲ್ ನಡೆಯಲಿಲ್ಲ.

ನಾಲ್ಕು ಕಾಟನ್ ವೀಲನ್ನು ಪಟ್ಟಿಯ ನಡುವೆ ಇಟ್ಟು ಡ್ರಿಲ್ ಮಾಡಿದೆ, ಚಾಕುವಿನಲ್ಲಿ ಕೊರೆದ ಹಾಗೆ ಬಂತು. ಅಷ್ಟರಲ್ಲಿ ಕ್ಲಾಂಪ್ ವಾಪಸ್ ಕೊಡಬೇಕಾಯಿತು, ಉಳಿದ ಎರಡಕ್ಕೆ ಮಾರಾಯರ ಉಪಾಯ ಮಾಡಿದೆ. ತೂತೇನೋ ಚೆನ್ನಾಗಿ ಬಂತು. ಶೆಡ್ಡಿನ ಕಪಾಟಿನಲ್ಲಿಟ್ಟು ಊಟಕ್ಕೆ ಹೋದೆ. ರಾತ್ರಿ ಹತ್ತು ಗಂಟೆಗೆ ಮನೆಯವಳು ಏನೋ ಸುಟ್ಟ ವಾಸನೆ ಅಂದಳು. ಹೋಗಿ ನೋಡಿದರೆ ಒಂದು ವೀಲಿನ ಪದರದ ಒಳಗೆ ಬೀಡಿ ತುದಿ ಹಾಗೆ ಕೆಂಪಗೆ ಕಾಯುತ್ತಿತ್ತು, ಮೇಲೆ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲೇ ಸೀಮೆಎಣ್ಣೆ ಡಬ್ಬಿ. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದೆ. ಆ ವೀಲು ಈಗ ಮಗಳ ಆಟದ ಸಾಮಾನು.

ಹೊಸ ವೀಲನ್ನು ಪಕ್ಕಕ್ಕೆ ನಿಂತು ಐದು ನಿಮಿಷ ಖಾಲಿ ಓಡಿಸಿದೆ, ಹಳೇ ಹ್ಯಾಕ್ಸಾ ಬ್ಲೇಡ್ ಮೆಲ್ಲಗೆ ತಾಗಿಸಿದಾಗ ಹತ್ತಿ ಹಾಗೆ ಜೂಲು ಹಾರಿತು, ಅಂಚು ದುಂಡಗಾಯಿತು. ಈಗ ಬಲಗಡೆ ಕಂದು ಟ್ರಿಪೋಲಿ ಸೋಪು, ಎಡಗಡೆ ಕೆಂಪು ರೂಜ್. ಅಲ್ಯೂಮಿನಿಯಂಗೆ ಬೇರೆ ವೀಲು, ಅದರ ಮೇಲೆ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ಒಂದೇ ತೊಂದರೆ. ಎಡಗಡೆಯ ನಟ್ ಹಳೆಯದಾಗಿದೆ ಅಂತ ಹೊಸದು ತಂದೆ, ಎರಡು ಥ್ರೆಡ್ ಕೂಡ ಹೋಗುವುದಿಲ್ಲ.

ಘಾಟ್ಕೋಪರ್ ಮಾರಾಯ

ಅಯ್ಯೋ ಮಾರಾಯ್ರೆ, ಸುಟ್ಟ ಮೇಲೆ ನೀರಿನಲ್ಲಿ ಅದ್ದಿ ಒಂದು ದಿನ ಹೊರಗೆ ಒಣಗಿಸಬೇಕು, ಅದನ್ನು ಬರೆಯಲೇ ಇಲ್ಲ ನಾನು. ಖಾರಖಾನೆಯಲ್ಲಿ ತೊಟ್ಟಿ ಪಕ್ಕದಲ್ಲೇ ಇರುತ್ತಿತ್ತು, ಅದ್ದುವುದು ಅಭ್ಯಾಸ, ಹೇಳಬೇಕು ಅಂತ ಹೊಳೆಯಲಿಲ್ಲ. ತಪ್ಪಾಯಿತು.

ಡೊಂಬಿವಲಿ ಟರ್ನರ್

ಬಸು, ಆ ನಟ್ಟನ್ನು ಒತ್ತಾಯ ಮಾಡಿ ಹಾಕಬೇಡಿ, ಶಾಫ್ಟಿನ ಥ್ರೆಡ್ ಹೋಗುತ್ತದೆ. ಎಡಗಡೆ ಉಲ್ಟಾ ಥ್ರೆಡ್ ಇರುತ್ತದೆ. ವೀಲಿನ ಮೇಲ್ಭಾಗ ನಿಮ್ಮ ಕಡೆಗೆ ತಿರುಗುವಾಗ ಬಲಗಡೆಯ ನಟ್ ತಾನೇ ಬಿಗಿಯಾಗುತ್ತದೆ, ಎಡಗಡೆ ಸಾದಾ ಥ್ರೆಡ್ ಇದ್ದರೆ ತಾನೇ ಬಿಚ್ಚುತ್ತದೆ, ಅದಕ್ಕೇ ಉಲ್ಟಾ. ಅಂಗಡಿಯಲ್ಲಿ ಲೆಫ್ಟ್ ಹ್ಯಾಂಡ್ ನಟ್ ಅಂತ ಕೇಳಿ, ಹಳೇ ನಟ್ಟನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಸಿಗುವವರೆಗೆ ಹಳೆಯದನ್ನೇ ಹಾಕಿ, ಷಟ್ಕೋನ ಸವೆದಿದ್ದರೆ ಎರಡು ಬದಿ ಅರದಲ್ಲಿ ಉಜ್ಜಿ ಒಂದು ಸೈಜು ಚಿಕ್ಕ ಪಾನ ಹಾಕಬಹುದು.

ಭೋಸರಿ ಬಸು

ಉಜ್ಜಿದೆ, ಕೂತಿತು. ಐದು ಸಮೆ ಮುಗಿದವು, ಒಂಬತ್ತು ಉಳಿದಿವೆ. ಅದರಲ್ಲಿ ಒಂದು ಬಡಿದ ಕೆಲಸದ್ದು, ಶಾಂತಕ್ಕ, ಅವರಿಗೆ ಫೋನ್ ಮಾಡಿದ್ದೇನೆ. ಕೈಯಲ್ಲೇ ತಿಕ್ಕಿ ಕೊಡು ಅಂದರು.